ಮದ್ಯದಂಗಡಿ ಪರವಾನಗಿ: ಗಡಿಯ ಆಚೆ ಈಚೆ ಕಾನೂನು ಏನು ಹೇಳುತ್ತದೆ?

ತಲಪಾಡಿ ದಾಟಿದರೆ ಮಂಜೇಶ್ವರ, ಅತ್ತಿಬೆಲೆ ದಾಟಿದರೆ ಹೊಸೂರು, ಬಳ್ಳಾರಿಯ ಪಕ್ಕಕ್ಕೆ ರಾಯದುರ್ಗ, ಆಳಂದದ ಪಕ್ಕಕ್ಕೆ ಅಕ್ಕಲಕೋಟೆ. ಗಡಿಯ ಎರಡೂ ಬದಿಯಲ್ಲಿ ಮನೆಮಾತು ಒಂದೇ, ನೆಂಟಸ್ತನ ಒಂದೇ, ಸಂತೆಯೂ ಒಂದೇ. ಆದರೆ ಮದ್ಯದ ಕಾನೂನು ಮಾತ್ರ ಗಡಿಕಲ್ಲಿನ ಹತ್ತಿರ ಬದಲಾಗುತ್ತದೆ. ಒಂದು ಊರಿನಲ್ಲಿ ಬಿಲ್ಲು ಕೊಟ್ಟು ಕೊಂಡ ಬಾಟಲಿಯೇ ಎರಡು ಕಿಲೋಮೀಟರ್ ಆಚೆ ಕೇಸಿಗೆ ಸಾಕ್ಷಿಯಾಗಬಹುದು. ಒಂದು ರಾಜ್ಯದಲ್ಲಿ ಊರಿನ ಹೆಂಗಸರು ಮತ ಹಾಕಿ ಅಂಗಡಿ ಮುಚ್ಚಿಸಬಹುದು, ಪಕ್ಕದ ರಾಜ್ಯದಲ್ಲಿ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟು ಕಾಯಬೇಕು.

ಯಾವ ರಾಜ್ಯದಲ್ಲಿ ಮದ್ಯ ಮಾರಲು ಯಾರು ಅನುಮತಿ ಕೊಡುತ್ತಾರೆ, ಅಂಗಡಿ ಎಲ್ಲಿ ಇರಬಾರದು, ಗಡಿ ದಾಟುವಾಗ ಏನು ಎಚ್ಚರ ಬೇಕು, ಊರವರಿಗೆ ಆಕ್ಷೇಪಣೆ ಇದ್ದರೆ ದಾರಿ ಯಾವುದು ಎಂಬ ವಿವರಗಳನ್ನು ಗಡಿನಾಡಿನ ಓದುಗರಿಗಾಗಿ ಇಲ್ಲಿ ಒಟ್ಟಿಗೆ ಕೊಡಲಾಗಿದೆ.

ಅಧಿಕಾರ ಯಾರದು?

ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 8ನೆಯ ನಮೂದು ಮದ್ಯದ ಬಗ್ಗೆ ಇದೆ. ಮದ್ಯದ ತಯಾರಿಕೆ, ದಾಸ್ತಾನು, ಸಾಗಾಣಿಕೆ, ಖರೀದಿ ಮತ್ತು ಮಾರಾಟ ಇವೆಲ್ಲ ರಾಜ್ಯಗಳ ವಿಷಯ. ಅದೇ ಪಟ್ಟಿಯ 51ನೆಯ ನಮೂದಿನ ಪ್ರಕಾರ ಕುಡಿಯುವ ಮದ್ಯದ ಮೇಲಿನ ಅಬಕಾರಿ ಸುಂಕವೂ ರಾಜ್ಯಕ್ಕೇ ಸೇರುತ್ತದೆ. 2017ರಲ್ಲಿ ಜಿಎಸ್‌ಟಿ ಬಂದಾಗಲೂ ಕುಡಿಯುವ ಮದ್ಯವನ್ನು ಅದರಿಂದ ಹೊರಗೆ ಇಡಲಾಯಿತು. ಹೀಗಾಗಿ ಒಂದೇ ಕಂಪನಿಯ ಒಂದೇ ಬಾಟಲಿಗೆ ಕರ್ನಾಟಕದಲ್ಲಿ ಒಂದು ಬೆಲೆ, ಕೇರಳದಲ್ಲಿ ಇನ್ನೊಂದು, ಗೋವಾದಲ್ಲಿ ಮತ್ತೊಂದು. ಗಡಿಯಲ್ಲಿ ಕಳ್ಳಸಾಗಣೆ ನಡೆಯುವುದಕ್ಕೆ ಮುಖ್ಯ ಕಾರಣ ಈ ಬೆಲೆಯ ಅಂತರ.

ಸಂವಿಧಾನದ 47ನೆಯ ವಿಧಿ, ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯಗಳನ್ನು ನಿಷೇಧಿಸಲು ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ. ಇದು ನಿರ್ದೇಶಕ ತತ್ವ. ಇದನ್ನು ತೋರಿಸಿ ನ್ಯಾಯಾಲಯದಿಂದ ಪಾನನಿಷೇಧ ಪಡೆಯಲು ಆಗುವುದಿಲ್ಲ. ಆದರೆ ಈ ವಿಧಿಯಿಂದ ಒಂದು ಪರಿಣಾಮ ಆಗಿದೆ. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ, ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಹೇಳಿತು. ಕಿರಾಣಿ ಅಂಗಡಿ, ಬಟ್ಟೆ ಅಂಗಡಿ ಇಡುವುದು ನಾಗರಿಕನ ಹಕ್ಕು. ಮದ್ಯದಂಗಡಿ ಇಡುವುದು ಸರ್ಕಾರ ಷರತ್ತು ಹಾಕಿ ಕೊಡುವ ಅನುಮತಿ ಮಾತ್ರ. ಪರವಾನಗಿ ಎಂಬ ಮಾತಿನ ಅರ್ಥವೇ ಇದು. ಷರತ್ತು ಮುರಿದರೆ ಅನುಮತಿ ಹೋಗುತ್ತದೆ. ಊರವರು ಈ ಮಾತನ್ನು ನೆನಪಿಡಬೇಕು.

ಕರ್ನಾಟಕ: ಸನ್ನದಿನ ಲೆಕ್ಕ

ಇಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ, 1965 ಜಾರಿಯಲ್ಲಿದೆ. ಪರವಾನಗಿಗೆ ಸನ್ನದು ಎನ್ನುತ್ತಾರೆ. ಅಬಕಾರಿ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಊರಿನಲ್ಲಿ ಸಾಮಾನ್ಯವಾಗಿ ಕಾಣುವ ಸನ್ನದುಗಳು ಇವು:

ಸಿಎಲ್-2: ಚಿಲ್ಲರೆ ಅಂಗಡಿ, ಜನರ ಬಾಯಲ್ಲಿ ವೈನ್ ಶಾಪ್. ಇಲ್ಲಿ ಸೀಲ್ ಮಾಡಿದ ಬಾಟಲಿ ಕೊಂಡು ಹೋಗಬೇಕು, ಅಂಗಡಿಯಲ್ಲಿ ಕೂತು ಕುಡಿಯುವಂತಿಲ್ಲ.
ಸಿಎಲ್-4: ಕ್ಲಬ್ಬುಗಳಿಗೆ, ಸದಸ್ಯರ ಉಪಯೋಗಕ್ಕೆ.
ಸಿಎಲ್-5: ಮದುವೆ, ಔತಣದಂಥ ಸಮಾರಂಭಕ್ಕೆ ಕೊಡುವ ಸಾಂದರ್ಭಿಕ ಸನ್ನದು.
ಸಿಎಲ್-7: ಹೋಟೆಲ್ ಮತ್ತು ವಸತಿಗೃಹಗಳಿಗೆ.
ಸಿಎಲ್-9: ಬಾರ್ ಅಂಡ್ ರೆಸ್ಟೋರೆಂಟ್. ಊಟ ತಿಂಡಿಯೊಂದಿಗೆ ಕೂತು ಕುಡಿಯುವ ಜಾಗ.
ಸಿಎಲ್-11ಸಿ: ಸರ್ಕಾರಿ ಸಂಸ್ಥೆ ಎಂಎಸ್ಐಎಲ್ ನಡೆಸುವ ಅಂಗಡಿ.

ಈ ಎಲ್ಲ ಅಂಗಡಿಗಳಿಗೂ ಸಗಟು ಮದ್ಯ ಬರುವುದು 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದಿಂದ. ಬೇರೆ ಕಡೆಯಿಂದ ತಂದ ಸರಕು ಇಟ್ಟರೆ ಸನ್ನದುದಾರನ ಮೇಲೆ ಕ್ರಮ ಆಗುತ್ತದೆ.

ಜಾಗದ ವಿಷಯ 1967ರ ಸಾಮಾನ್ಯ ಷರತ್ತುಗಳ ನಿಯಮದ 5ನೆಯ ನಿಯಮದಲ್ಲಿದೆ. ದೇವಸ್ಥಾನ, ಮಸೀದಿ, ಚರ್ಚುಗಳಂಥ ಪೂಜಾಸ್ಥಳ, ಶಾಲೆ ಕಾಲೇಜು, ಆಸ್ಪತ್ರೆ, ಸರ್ಕಾರಿ ಕಚೇರಿ ಇವುಗಳಿಂದ 100 ಮೀಟರ್ ಒಳಗೆ ಅಂಗಡಿ ಇರಬಾರದು. ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹೆಚ್ಚಾಗಿ ವಾಸಿಸುವ ಬಡಾವಣೆಯಲ್ಲೂ ಇರಬಾರದು.

ಸಾರಾಯಿಯನ್ನು ಕರ್ನಾಟಕ 2007ರ ಜುಲೈ 1ರಿಂದ ನಿಷೇಧಿಸಿತು. ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತ, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲಿ ವಿಷಮದ್ಯ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕೂಲಿ ಮಾಡುವವರು. ಅಂಗಡಿ ಮುಚ್ಚಿದರೆ ಮಾತ್ರ ಕೆಲಸ ಮುಗಿಯುವುದಿಲ್ಲ, ಕಳ್ಳ ಮಾಲಿನ ದಾರಿಯನ್ನೂ ಮುಚ್ಚಬೇಕು ಎಂಬ ಪಾಠವನ್ನು ಎರಡೂ ರಾಜ್ಯಗಳು ಹೆಣಗಳ ಲೆಕ್ಕದಲ್ಲಿ ಕಲಿತವು.

ಕೇರಳ: ಕಾಸರಗೋಡು, ವಯನಾಡು

ಕೇರಳದಲ್ಲಿ ನಡೆಯುವುದು ಅಬಕಾರಿ ಕಾಯ್ದೆ 1077. ಇದು ಕೊಲ್ಲಂ ವರ್ಷದ ಲೆಕ್ಕ, ನಮ್ಮ ಲೆಕ್ಕದಲ್ಲಿ 1902ರ ಆಸುಪಾಸು. ಚಿಲ್ಲರೆ ಮಾರಾಟದ ಎಫ್ಎಲ್-1 ಅಂಗಡಿಗಳು ಖಾಸಗಿಯವರ ಕೈಯಲ್ಲಿಲ್ಲ. 1984ರಲ್ಲಿ ಶುರುವಾದ ರಾಜ್ಯ ಬಿವರೇಜಸ್ ಕಾರ್ಪೊರೇಶನ್ ಮತ್ತು ಕನ್ಸ್ಯೂಮರ್‌ಫೆಡ್ ಇವನ್ನು ನಡೆಸುತ್ತವೆ. ಖಾಸಗಿಯವರಿಗೆ ಸಿಗುವುದು ಬಾರ್ ಹೋಟೆಲಿನ ಎಫ್ಎಲ್-3 ಪರವಾನಗಿ ಮತ್ತು ಶೇಂದಿ ಅಂಗಡಿ.

ಸಾರಾಯಿಯನ್ನು 1996ರ ಏಪ್ರಿಲ್ 1ರಿಂದ ನಿಷೇಧಿಸಲಾಯಿತು. 2014ರಲ್ಲಿ ಅಂದಿನ ಸರ್ಕಾರ ಪಂಚತಾರಾ ಹೋಟೆಲುಗಳನ್ನು ಬಿಟ್ಟು ಉಳಿದ ಬಾರುಗಳನ್ನು ಮುಚ್ಚುವ ನೀತಿ ತಂದಿತು. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಾರ ಬದಲಾದ ಮೇಲೆ 2017ರ ಜುಲೈಯಿಂದ ಮೂರು ನಕ್ಷತ್ರ ಮತ್ತು ಮೇಲ್ಪಟ್ಟ ಹೋಟೆಲುಗಳಿಗೆ ಮತ್ತೆ ಬಾರ್ ಪರವಾನಗಿ ಸಿಕ್ಕಿತು. ಅದೇ ವರ್ಷ ಅಂಗಡಿಗೆ ಪಂಚಾಯತಿನ ನಿರಾಕ್ಷೇಪಣಾ ಪತ್ರ ಬೇಕೆಂಬ ಅಧಿಕಾರವನ್ನೂ ಸುಗ್ರೀವಾಜ್ಞೆಯ ಮೂಲಕ ತೆಗೆಯಲಾಯಿತು. ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 23ಕ್ಕೆ ಏರಿಸುವ ನಿರ್ಧಾರವೂ ಆಗಲೇ ಆಯಿತು.

ಪ್ರತಿ ತಿಂಗಳ 1ನೆಯ ತಾರೀಕು ಕೇರಳದಲ್ಲಿ ಮದ್ಯರಹಿತ ದಿನ. ಸಂಬಳದ ಹಣ ಮೊದಲು ಮನೆಗೆ ತಲುಪಲಿ ಎಂಬುದು ಇದರ ಉದ್ದೇಶ. 2025-26ರ ನೀತಿಯಲ್ಲಿ ಮೂರು ನಕ್ಷತ್ರ ಮತ್ತು ಮೇಲಿನ ಹೋಟೆಲುಗಳಲ್ಲಿ ಮದುವೆ, ಸಮ್ಮೇಳನಗಳಿಗೆ ವಿಶೇಷ ಅನುಮತಿ ಪಡೆದು ಆ ದಿನವೂ ಬಡಿಸಬಹುದೆಂಬ ಸಡಿಲಿಕೆ ಬಂದಿದೆ. ಮಾಮೂಲಿ ಅಂಗಡಿಗಳಿಗೆ ಆ ಸಡಿಲಿಕೆ ಇಲ್ಲ.

ಕೇರಳದಲ್ಲಿ ಕೊಂಡ ಮದ್ಯವನ್ನು ಒಬ್ಬರು ಇಟ್ಟುಕೊಳ್ಳಬಹುದಾದ ಮಿತಿ: ಬ್ರಾಂದಿ, ರಮ್ಮು, ವಿಸ್ಕಿಯಂಥದ್ದು 3 ಲೀಟರ್, ಬಿಯರ್ ಮೂರೂವರೆ ಲೀಟರ್, ವೈನ್ ಮೂರೂವರೆ ಲೀಟರ್, ಶೇಂದಿ ಒಂದೂವರೆ ಲೀಟರ್. ಈ ಮಿತಿ ಕೇರಳದಲ್ಲಿ ಸುಂಕ ಕೊಟ್ಟ ಮದ್ಯಕ್ಕೆ. ಕರ್ನಾಟಕದ ಮದ್ಯಕ್ಕೂ ಇದೇ ಮಿತಿ ಅನ್ವಯಿಸುತ್ತದೆ ಎಂದು ತಿಳಿಯಬಾರದು. ಕಾಸರಗೋಡಿನಲ್ಲಿ ಕರ್ನಾಟಕದ ಸಣ್ಣ ಪ್ಯಾಕೆಟ್‌ಗಳೊಂದಿಗೆ ಜನ ಸಿಕ್ಕಿಬಿದ್ದ ಸುದ್ದಿ ಆಗಾಗ ಬರುವುದು ಇದೇ ಕಾರಣಕ್ಕೆ.

ತಮಿಳುನಾಡು: ಹೊಸೂರು, ತಾಳವಾಡಿ, ನೀಲಗಿರಿ

ಕಾಯ್ದೆಯ ಹೆಸರು ತಮಿಳುನಾಡು ಮದ್ಯನಿಷೇಧ ಕಾಯ್ದೆ, 1937. ಹೆಸರು ನಿಷೇಧ, ಕೆಲಸ ಪರವಾನಗಿ. 1983ರಲ್ಲಿ ಸಗಟು ವ್ಯಾಪಾರಕ್ಕೆ ಹುಟ್ಟಿದ ಟಾಸ್ಮಾಕ್ ಸಂಸ್ಥೆ 2003ರ ನವೆಂಬರ್‌ನಿಂದ ಚಿಲ್ಲರೆ ಅಂಗಡಿಗಳನ್ನೂ ತನ್ನ ಕೈಗೆ ತೆಗೆದುಕೊಂಡಿತು. ಅಂದಿನಿಂದ ಬೀದಿಯ ಮದ್ಯದಂಗಡಿ ಸರ್ಕಾರದ್ದೇ. ಖಾಸಗಿಯವರಿಗೆ ಕ್ಲಬ್ಬಿನ ಎಫ್ಎಲ್-2, ನಕ್ಷತ್ರ ಹೋಟೆಲಿನ ಎಫ್ಎಲ್-3 ಪರವಾನಗಿಗಳಿವೆ. ಕಳ್ಳು ಇಳಿಸಿ ಮಾರುವುದು 1987ರಿಂದ ನಿಷಿದ್ಧ. ಕೇರಳದಲ್ಲಿ ಶೇಂದಿ ಅಂಗಡಿ ಕಾನೂನುಬದ್ಧ, ತಮಿಳುನಾಡಿನಲ್ಲಿ ಅದೇ ಕಳ್ಳು ಅಪರಾಧ.

2003ರ ಚಿಲ್ಲರೆ ಮಾರಾಟ ನಿಯಮದ ಪ್ರಕಾರ ಮಹಾನಗರ ಪಾಲಿಕೆ ಮತ್ತು ಪುರಸಭೆಗಳಲ್ಲಿ ಪೂಜಾಸ್ಥಳ ಮತ್ತು ಶಾಲೆಗಳಿಂದ 50 ಮೀಟರ್, ಉಳಿದ ಕಡೆ 100 ಮೀಟರ್ ದೂರ ಇರಬೇಕು. ಆದರೆ ಅಂಗಡಿ ಮೊದಲು ಬಂದು, ಶಾಲೆ ಅಥವಾ ಗುಡಿ ಆಮೇಲೆ ಕಟ್ಟಿದ್ದಾದರೆ ಈ ದೂರದ ನಿಯಮ ಅನ್ವಯಿಸುವುದಿಲ್ಲ. ಆಕ್ಷೇಪಣೆ ಬರೆಯುವವರು ಕಟ್ಟಡದ ವರ್ಷವನ್ನೂ ದಾಖಲೆ ಸಮೇತ ತೋರಿಸಬೇಕಾಗುತ್ತದೆ.

2016, 2017 ಮತ್ತು 2023ರಲ್ಲಿ ತಲಾ 500 ಅಂಗಡಿಗಳನ್ನು ಮುಚ್ಚುವುದಾಗಿ ಸರ್ಕಾರ ಪ್ರಕಟಿಸಿತು. 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ ವಿಷಮದ್ಯಕ್ಕೆ 60ಕ್ಕೂ ಹೆಚ್ಚು ಜನ ಬಲಿಯಾದ ಮೇಲೆ ಕಾಯ್ದೆ ತಿದ್ದುಪಡಿ ಮಾಡಿ, ಸಾವಿಗೆ ಕಾರಣವಾದ ಕಳ್ಳಮದ್ಯ ಮಾರಿದವರಿಗೆ ಜೀವಾವಧಿ ಶಿಕ್ಷೆ ಮತ್ತು 10 ಲಕ್ಷ ರೂಪಾಯಿವರೆಗೆ ದಂಡದ ಅವಕಾಶ ಮಾಡಲಾಯಿತು.

ನೀಲಗಿರಿಯಲ್ಲಿ ಇನ್ನೊಂದು ವಿಶೇಷ ಇದೆ. ಕಾಡಿನಲ್ಲಿ ಎಸೆದ ಬಾಟಲಿ ಗಾಜು ಆನೆ ಮತ್ತಿತರ ಪ್ರಾಣಿಗಳ ಕಾಲಿಗೆ ಚುಚ್ಚುತ್ತಿದ್ದುದರಿಂದ, ಮದ್ರಾಸ್ ಹೈಕೋರ್ಟಿನ ಸೂಚನೆಯ ಮೇರೆಗೆ 2022ರ ಮೇ ತಿಂಗಳಿಂದ ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದುಕೊಟ್ಟರೆ ಅದನ್ನು ಮರಳಿಸುವ ಪದ್ಧತಿ ಶುರುವಾಯಿತು. ಮುಂದೆ ಅದು ಬೇರೆ ಜಿಲ್ಲೆಗಳಿಗೂ ಹೋಯಿತು.

ಮಹಾರಾಷ್ಟ್ರ: ಸೊಲ್ಲಾಪುರ, ಅಕ್ಕಲಕೋಟೆ, ಜತ್ತ

ಇಲ್ಲಿಯೂ ಮೂಲ ಕಾಯ್ದೆ ಮದ್ಯನಿಷೇಧದ್ದೇ, 1949ರದ್ದು. ಮೊದಲು ಇದಕ್ಕೆ ಬಾಂಬೆ ಮದ್ಯನಿಷೇಧ ಕಾಯ್ದೆ ಎಂಬ ಹೆಸರಿತ್ತು. ಕಾನೂನಿನ ಕಣ್ಣಿನಲ್ಲಿ ಕುಡಿಯುವುದಕ್ಕೂ ಪರ್ಮಿಟ್ ಬೇಕು. ಬಾರಿಗೆ ಪರ್ಮಿಟ್ ರೂಮ್ ಎಂಬ ಹೆಸರು ಬಂದದ್ದು ಇದರಿಂದಲೇ. ಒಂದು ದಿನದ್ದು, ಒಂದು ವರ್ಷದ್ದು, ಜೀವನಪೂರ್ತಿಯದ್ದು ಎಂದು ಪರ್ಮಿಟ್ ಸಿಗುತ್ತದೆ. ಅಂಗಡಿಯವರೇ ಒಂದು ದಿನದ ಪರ್ಮಿಟ್ ಹರಿದು ಕೊಡುವ ವ್ಯವಸ್ಥೆ ಇದೆ.

ಮುಖ್ಯ ಪರವಾನಗಿಗಳು: ಎಫ್ಎಲ್-2 ವೈನ್ ಶಾಪ್, ಎಫ್ಎಲ್-3 ಪರ್ಮಿಟ್ ರೂಮ್, ಎಫ್ಎಲ್-4 ಕ್ಲಬ್, ಎಫ್ಎಲ್/ಬಿಆರ್-2 ಬಿಯರ್ ಶಾಪಿ, ಸಿಎಲ್-3 ದೇಶಿ ದಾರೂ ಅಂಗಡಿ. ಬಿಯರ್ ಮತ್ತು ವೈನಿಗೆ ವಯಸ್ಸು 21, ಉಳಿದ ಗಟ್ಟಿ ಮದ್ಯಕ್ಕೆ 25. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಗಿದ್ದರೆ ಇಲ್ಲಿ ದೇಶಿ ದಾರೂ ಪರವಾನಗಿಯೊಂದಿಗೆ ಮಾರಾಟವಾಗುತ್ತದೆ ಎಂಬುದನ್ನು ಗಮನಿಸಬೇಕು.

ಗಡಿಯ ಬೇರೆ ರಾಜ್ಯಗಳಲ್ಲಿ ಕಾಣದ ಒಂದು ಅವಕಾಶ ಮಹಾರಾಷ್ಟ್ರದಲ್ಲಿದೆ. ಮರಾಠಿಯಲ್ಲಿ ಅದನ್ನು ‘ಉಭೀ ಬಾಟಲೀ, ಆಡವೀ ಬಾಟಲೀ’ ಎನ್ನುತ್ತಾರೆ. ನಿಂತ ಬಾಟಲಿ, ಮಲಗಿದ ಬಾಟಲಿ. 2008ರ ಆದೇಶದಂತೆ ಊರಿನ ಮಹಿಳಾ ಮತದಾರರಲ್ಲಿ ಅಥವಾ ಒಟ್ಟು ಮತದಾರರಲ್ಲಿ ಶೇ. 25ರಷ್ಟು ಜನ ಸಹಿ ಮಾಡಿ ಅರ್ಜಿ ಕೊಟ್ಟರೆ, ಅಬಕಾರಿ ಇಲಾಖೆ ಸಹಿಗಳನ್ನು ಪರಿಶೀಲಿಸುತ್ತದೆ. ಸಹಿಗಳು ಸರಿಯಿದ್ದರೆ ಗುಪ್ತ ಮತದಾನ ನಡೆಯುತ್ತದೆ. ಚೀಟಿಯಲ್ಲಿ ಎರಡು ಚಿತ್ರ. ಅಂಗಡಿ ಇರಲಿ ಎನ್ನುವವರು ನಿಂತ ಬಾಟಲಿಗೆ, ಬೇಡ ಎನ್ನುವವರು ಮಲಗಿದ ಬಾಟಲಿಗೆ ಗುರುತು ಹಾಕಬೇಕು. ಓದು ಬರಹ ಬಾರದ ಅಜ್ಜಿಯೂ ತಪ್ಪಿಲ್ಲದೆ ಮತ ಹಾಕಬಹುದು.

ಇಲ್ಲಿ ಸೋಲುವುದು ಹೆಚ್ಚಾಗಿ ಲೆಕ್ಕದಲ್ಲಿ. ಬಂದು ಮತ ಹಾಕಿದವರಲ್ಲಿ ಅರ್ಧ ಸಾಲದು, ಪಟ್ಟಿಯಲ್ಲಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಉದಾಹರಣೆಗೆ, ಪಟ್ಟಿಯಲ್ಲಿ 800 ಮಹಿಳೆಯರಿದ್ದಾರೆ ಎನ್ನೋಣ. ಮಲಗಿದ ಬಾಟಲಿಗೆ 401 ಮತ ಬೀಳಬೇಕು. 500 ಜನ ಬಂದು 380 ಜನ ಅಂಗಡಿ ಬೇಡ ಎಂದರೂ ಅಂಗಡಿ ಉಳಿಯುತ್ತದೆ. ಕಬ್ಬು ಕಡಿಯಲು ಗುಳೆ ಹೋದವರು, ಮದುವೆಯಾಗಿ ಬೇರೆ ಊರಿಗೆ ಹೋದವರು, ಸತ್ತವರ ಹೆಸರು ಪಟ್ಟಿಯಲ್ಲೇ ಉಳಿದಿದ್ದರೆ ಅವೆಲ್ಲ ಅಂಗಡಿಯ ಪರವಾದ ಮತದಂತೆಯೇ ಕೆಲಸ ಮಾಡುತ್ತವೆ. ಆದ್ದರಿಂದ ಅರ್ಜಿ ಕೊಡುವ ಮೊದಲು ಮತದಾರರ ಪಟ್ಟಿ ಸರಿಪಡಿಸಿಕೊಳ್ಳಬೇಕು, ಜನ ಊರಲ್ಲಿರುವ ಕಾಲ ನೋಡಿ ಹೊರಡಬೇಕು.

ಆಂಧ್ರ: ಆದೋನಿ, ರಾಯದುರ್ಗ, ಮಡಕಶಿರಾ

ಆಂಧ್ರದಲ್ಲಿ ಮದ್ಯದ ಇತಿಹಾಸವನ್ನು ಬದಲಾಯಿಸಿದವರು ಹಳ್ಳಿಯ ಹೆಂಗಸರು. ನೆಲ್ಲೂರು ಜಿಲ್ಲೆಯ ದೂಬಗುಂಟದಿಂದ 1992ರಲ್ಲಿ ಹಬ್ಬಿದ ಸಾರಾಯಿ ವಿರೋಧಿ ಚಳವಳಿಯ ಫಲವಾಗಿ 1993ರ ಅಕ್ಟೋಬರ್ 1ರಿಂದ ಸಾರಾಯಿ ನಿಷೇಧವಾಯಿತು. 1995ರ ಜನವರಿಯಲ್ಲಿ ಸಂಪೂರ್ಣ ಪಾನನಿಷೇಧ ಬಂತು, 1997ರಲ್ಲಿ ಸಡಿಲಾಯಿತು.

2019ರ ಅಕ್ಟೋಬರ್‌ನಿಂದ ಅಂಗಡಿಗಳನ್ನು ಸರ್ಕಾರವೇ ನಡೆಸಿತು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಖಾಸಗಿಯವರಿಗೆ ಬಂತು. 3,396 ಅಂಗಡಿಗಳನ್ನು ಲಾಟರಿ ಎತ್ತಿ ಹಂಚಲಾಯಿತು. ಅರ್ಜಿ ಶುಲ್ಕ 2 ಲಕ್ಷ ರೂಪಾಯಿ, ಲಾಟರಿ ಬರದಿದ್ದರೂ ವಾಪಸಿಲ್ಲ. ಪರವಾನಗಿ ಅವಧಿ 2026ರ ಸೆಪ್ಟೆಂಬರ್ ಕೊನೆಯವರೆಗೆ ಎಂದು ನಿಗದಿಯಾಯಿತು.

ಬೇರೆ ರಾಜ್ಯದ ಬಾಟಲಿಯ ವಿಷಯದಲ್ಲಿ 2020ರಲ್ಲಿ ಇಲ್ಲಿ ದೊಡ್ಡ ಗೊಂದಲವಾಗಿತ್ತು. ಮೂರು ಬಾಟಲಿವರೆಗೆ ತರಬಹುದು ಎಂದು ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಅಕ್ಟೋಬರ್‌ನಲ್ಲಿ ಸರ್ಕಾರ ನಿಯಮ ಬದಲಿಸಿ ಅದಕ್ಕೂ ಪರ್ಮಿಟ್ ಬೇಕು ಎಂದಿತು. ‘ಮೂರು ಬಾಟಲಿ ನಡೆಯುತ್ತದೆ’ ಎಂಬ ಹಳೆಯ ಮಾತು ಕೇಳಿ ತಂದವರು ಸಿಕ್ಕಿಬಿದ್ದರು. ಅಬಕಾರಿ ನಿಯಮ ತಿಂಗಳೊಳಗೆ ಬದಲಾಗಬಹುದು ಎಂಬುದಕ್ಕೆ ಇದೇ ಸಾಕ್ಷಿ.

ತೆಲಂಗಾಣ: ನಾರಾಯಣಪೇಟೆ, ಜಹೀರಾಬಾದ್ ಕಡೆ

ಅಂಗಡಿಗೆ ಎ4, ಬಾರಿಗೆ 2ಬಿ ಪರವಾನಗಿ. ಇಲ್ಲಿಯೂ ಲಾಟರಿ ಪದ್ಧತಿ. 2025ರ ಅಕ್ಟೋಬರ್‌ನಲ್ಲಿ 2,620 ಅಂಗಡಿಗಳಿಗೆ ಲಾಟರಿ ನಡೆಯಿತು. ಅವಧಿ 2025ರ ಡಿಸೆಂಬರ್ 1ರಿಂದ 2027ರ ನವೆಂಬರ್ 30ರವರೆಗೆ. ವಾಪಸು ಸಿಗದ ಅರ್ಜಿ ಶುಲ್ಕ 3 ಲಕ್ಷ ರೂಪಾಯಿ. ಅಂಗಡಿಗಳಲ್ಲಿ ಗೌಡ ಸಮುದಾಯಕ್ಕೆ ಶೇ. 15, ಪರಿಶಿಷ್ಟ ಜಾತಿಗೆ ಶೇ. 10, ಪಂಗಡಕ್ಕೆ ಶೇ. 5 ಮೀಸಲು.

ಆಂಧ್ರ ಮತ್ತು ತೆಲಂಗಾಣ ಎರಡರಲ್ಲೂ ಹಳ್ಳಿಯವರ ದೊಡ್ಡ ದೂರು ‘ಬೆಲ್ಟ್ ಶಾಪ್’ ಬಗ್ಗೆ. ಮಂಡಲದ ಪರವಾನಗಿ ಅಂಗಡಿಯಿಂದ ಮಾಲು ತಂದು ಹಳ್ಳಿಯ ಕಿರಾಣಿ ಅಂಗಡಿಯಲ್ಲೋ ಮನೆಯಲ್ಲೋ ಹೆಚ್ಚು ದರಕ್ಕೆ ಮಾರುವುದೇ ಬೆಲ್ಟ್ ಶಾಪ್. ಇದಕ್ಕೆ ಯಾವ ಪರವಾನಗಿಯೂ ಇಲ್ಲ, ಯಾವ ನೀತಿಯಲ್ಲೂ ಅವಕಾಶ ಇಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಕಿರಾಣಿ ಅಂಗಡಿ, ಗೂಡಂಗಡಿಗಳಲ್ಲಿ ನಡೆಯುವ ಅಕ್ರಮ ಮಾರಾಟವೂ ಇದೇ ಜಾತಿಯದು. ಬಾಟಲಿ ಅಸಲಿ ಆಗಿದ್ದರೂ ಮಾರುವವನಿಗೆ ಸನ್ನದು ಇಲ್ಲದಿದ್ದರೆ ಅದು ಅಪರಾಧವೇ.

ಗೋವಾ

1964ರ ಅಬಕಾರಿ ಸುಂಕ ಕಾಯ್ದೆ ಇಲ್ಲಿ ನಡೆಯುತ್ತದೆ. ಸುಂಕ ಕಡಿಮೆ, ಅಂಗಡಿ ಹೆಚ್ಚು. ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಗೋವಾದಿಂದ ಮದ್ಯ ಹೊರಗೆ ತರಲು ರಹದಾರಿ ಬೇಕು. ಕಾರವಾರ, ಬೆಳಗಾವಿ ದಾರಿಯ ತನಿಖಾ ಠಾಣೆಗಳಲ್ಲಿ ಬಸ್ಸು, ಲಾರಿ ನಿಲ್ಲಿಸಿ ನೋಡುವುದು ಇದಕ್ಕಾಗಿಯೇ.

ಹೆದ್ದಾರಿ ಬದಿಯ ಅಂಗಡಿಗಳು

ತಮಿಳುನಾಡು ಸರ್ಕಾರ ಮತ್ತು ಕೆ. ಬಾಲು ಅವರ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಅಂಚಿನಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದು ಆದೇಶಿಸಿತು. 2017ರ ಮಾರ್ಚ್ 31ರಂದು, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಆ ದೂರವನ್ನು 220 ಮೀಟರಿಗೆ ಇಳಿಸಿತು. ಅದೇ ಜುಲೈಯಲ್ಲಿ ನಗರಸಭೆ, ಪುರಸಭೆ ವ್ಯಾಪ್ತಿಯ ಪರವಾನಗಿ ಅಂಗಡಿಗಳಿಗೆ ಈ ಆದೇಶ ಅಡ್ಡಿಯಲ್ಲ ಎಂದಿತು. 2018ರ ಫೆಬ್ರುವರಿಯಲ್ಲಿ, ಪಟ್ಟಣದಂತೆ ಬೆಳೆದ ಪಂಚಾಯತಿ ಪ್ರದೇಶಗಳಿಗೂ ಆ ವಿನಾಯಿತಿ ಕೊಡಬೇಕೇ ಎಂಬುದನ್ನು ರಾಜ್ಯಗಳ ತೀರ್ಮಾನಕ್ಕೆ ಬಿಟ್ಟಿತು. ಹಾಗಾಗಿ ಹಳ್ಳಿಯ ಹೆದ್ದಾರಿ ಬದಿಯ ಅಂಗಡಿಯನ್ನು ಪ್ರಶ್ನಿಸುವವರು ಮೊದಲು ತಮ್ಮ ಊರು ಯಾವ ವರ್ಗಕ್ಕೆ ಸೇರಿದೆ ಎಂದು ತಿಳಿಯಬೇಕು.

ಗಡಿ ದಾಟುವಾಗ ಎಚ್ಚರ

ಬಾಟಲಿಯ ಮೇಲೆ ಯಾವ ರಾಜ್ಯದಲ್ಲಿ ಮಾತ್ರ ಮಾರಾಟಕ್ಕೆ ಎಂದು ಬರೆದಿರುತ್ತದೆ. ಆ ರಾಜ್ಯದ ಸುಂಕ ಮಾತ್ರ ಕಟ್ಟಲಾಗಿದೆ ಎಂದು ಅದರ ಅರ್ಥ. ಬಿಲ್ಲು ಇದ್ದರೆ ಕೊಂಡದ್ದು ಸಾಬೀತಾಗುತ್ತದೆ, ತರಲು ಅನುಮತಿ ಇದೆ ಎಂದು ಸಾಬೀತಾಗುವುದಿಲ್ಲ. ನೆಂಟರ ಮದುವೆಗೆ ಪೆಟ್ಟಿಗೆಗಟ್ಟಲೆ ಸಾಗಿಸುವುದು ಇನ್ನೂ ಅಪಾಯ. ಮದುವೆ ಎಲ್ಲಿ ನಡೆಯುತ್ತದೋ ಅಲ್ಲಿಯ ಅಬಕಾರಿ ಕಚೇರಿಯಲ್ಲಿ ಸಾಂದರ್ಭಿಕ ಪರವಾನಗಿ ಪಡೆದು, ಅಲ್ಲೇ ಖರೀದಿಸುವುದು ಸರಿಯಾದ ದಾರಿ. ಮಾಲು ಸಿಕ್ಕಿದರೆ ವಾಹನವೂ ಜಪ್ತಿಯಾಗುತ್ತದೆ. ಬಾಡಿಗೆ ಆಟೋ, ಪಿಕಪ್ ಓಡಿಸುವ ಹುಡುಗರು ಬೇರೆಯವರ ‘ಪಾರ್ಸೆಲ್’ ತೆಗೆದುಕೊಂಡು ಹೋಗುವಾಗ ಒಳಗೆ ಏನಿದೆ ಎಂದು ಕೇಳಬೇಕು. ಜೀವನಕ್ಕೆ ಆಧಾರವಾದ ಗಾಡಿ ಠಾಣೆಯ ಮುಂದೆ ತುಕ್ಕು ಹಿಡಿಯುವುದು ಸಾಲ ಮಾಡಿ ಕೊಂಡವನಿಗೆ ಶಿಕ್ಷೆಗಿಂತ ದೊಡ್ಡ ಪೆಟ್ಟು.

ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಸಾಮಾನ್ಯವಾಗಿ ಮದ್ಯರಹಿತ ದಿನಗಳು. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 135ಸಿ ಕಲಮಿನಂತೆ ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಮಾರಾಟ ನಿಷಿದ್ಧ. ಪಕ್ಕದ ರಾಜ್ಯದಲ್ಲಿ ಚುನಾವಣೆ ಇದ್ದಾಗ ಈ ಬದಿಯ ಗಡಿಗೆ ಹತ್ತಿರದ ಅಂಗಡಿಗಳನ್ನೂ ಜಿಲ್ಲಾಧಿಕಾರಿಗಳು ಮುಚ್ಚಿಸುವುದುಂಟು.

ಕಳ್ಳಮದ್ಯ: ಪ್ರಾಣದ ವಿಷಯ

ಕಳ್ಳಭಟ್ಟಿ, ನಾಟುಸಾರಾ, ಗುಡುಂಬಾ, ಹಾತಭಟ್ಟಿ. ಹೆಸರು ಬೇರೆ ಬೇರೆ, ಅಪಾಯ ಒಂದೇ. ಮತ್ತು ಹೆಚ್ಚಿಸಲು ಬೆರೆಸುವ ಮೆಥನಾಲ್ ಕಾರ್ಖಾನೆಯ ರಾಸಾಯನಿಕ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಕುಡಿದ ತಕ್ಷಣ ಏನೂ ತಿಳಿಯದೆ, ಹಲವು ಗಂಟೆಗಳ ನಂತರ ಹೊಟ್ಟೆನೋವು, ವಾಂತಿ, ಕಣ್ಣು ಮಂಜಾಗುವುದು, ಉಸಿರು ಜೋರಾಗುವುದು ಕಾಣಿಸಬಹುದು. ನಿನ್ನೆ ಕುಡಿದದ್ದು ಇಳಿಯುತ್ತದೆ ಎಂದು ಮಲಗಿಸಬಾರದು, ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಕೇಸು ಆಗುತ್ತದೆ ಎಂಬ ಹೆದರಿಕೆಯಿಂದ ವೈದ್ಯರಿಗೆ ಸುಳ್ಳು ಹೇಳಬಾರದು. ಅದೇ ಮಾಲು ಕುಡಿದ ಉಳಿದವರನ್ನೂ ಹುಡುಕಿ, ಅವರಿಗೆ ಏನೂ ಆಗಿಲ್ಲ ಎಂದು ಕಂಡರೂ, ಆಸ್ಪತ್ರೆಗೆ ಕರೆತರಬೇಕು.

ಊರವರು ಏನು ಮಾಡಬಹುದು?

1. ಅಂಗಡಿಗೆ ಪರವಾನಗಿ ಇದೆಯೇ, ಯಾವ ವರ್ಗದ್ದು, ಯಾವ ಸರ್ವೆ ನಂಬರ್ ಅಥವಾ ಕಟ್ಟಡಕ್ಕೆ ಎಂದು ತಿಳಿಯಿರಿ. ಮಾಹಿತಿ ಹಕ್ಕು ಕಾಯ್ದೆ, 2005ರಡಿ ಅಬಕಾರಿ ಕಚೇರಿಗೆ ಅರ್ಜಿ ಹಾಕಿ ಪರವಾನಗಿ ಪ್ರತಿ, ಸ್ಥಳದ ನಕ್ಷೆ, ತನಿಖಾ ವರದಿ ಕೇಳಬಹುದು. ನಕ್ಷೆಯಲ್ಲಿ ಶಾಲೆಯನ್ನೇ ತೋರಿಸಿಲ್ಲದಿದ್ದರೆ ಅದೇ ನಿಮ್ಮ ದೊಡ್ಡ ಆಧಾರ.

2. ದೂರವನ್ನು ಅಳೆದು ಬರೆಯಿರಿ. ‘ತುಂಬಾ ಹತ್ತಿರ’ ಎಂದರೆ ಕಡತ ಮುಂದೆ ಹೋಗುವುದಿಲ್ಲ. ಶಾಲೆಯ ಗೇಟಿನಿಂದ ಎಷ್ಟು ಮೀಟರ್ ಎಂದು ಬರೆದು ಫೋಟೋ ಜೋಡಿಸಿ.

3. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಮಹಾರಾಷ್ಟ್ರದ ಮತದಾನದಂತೆ ಬೇರೆ ಕಡೆ ನಿರ್ಣಯವೇ ಅಂತಿಮ ಅಲ್ಲ. ಆದರೂ ಜಿಲ್ಲಾಧಿಕಾರಿಯ ಮುಂದೆ, ಮುಂದೆ ನ್ಯಾಯಾಲಯದಲ್ಲಿ, ಊರಿನ ಒಟ್ಟು ಅಭಿಪ್ರಾಯಕ್ಕೆ ಅದು ದಾಖಲೆ.

4. ಹೊಸ ಅಂಗಡಿ ಬರುವ ಸುದ್ದಿ ತಿಳಿದ ಕೂಡಲೇ ಆಕ್ಷೇಪಣೆ ಕೊಡಿ. ತೆರೆದ ಮೇಲೆ ಮುಚ್ಚಿಸುವುದಕ್ಕಿಂತ ಬರದಂತೆ ತಡೆಯುವುದು ಸುಲಭ. ಲಾಟರಿ, ನವೀಕರಣದ ತಿಂಗಳುಗಳನ್ನು ನೆನಪಿಡಿ.

5. ಅಂಗಡಿ ಕಾನೂನುಬದ್ಧವಾಗಿದ್ದರೂ ಷರತ್ತು ಮುರಿದದ್ದನ್ನು ದಿನಾಂಕ, ಸಮಯದೊಂದಿಗೆ ಬರೆದಿಡಿ. ಹೊತ್ತಿಗೆ ಮೊದಲೇ ತೆರೆಯುವುದು, ಚಿಲ್ಲರೆ ಅಂಗಡಿಯಲ್ಲಿ ಕೂರಿಸಿ ಕುಡಿಸುವುದು, ವಯಸ್ಸಾಗದ ಹುಡುಗರಿಗೆ ಕೊಡುವುದು, ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯುವುದು, ಹಳ್ಳಿಗೆ ಮಾಲು ಬಿಡುವುದು ಇವೆಲ್ಲ ಅಮಾನತಿಗೆ ಕಾರಣಗಳು.

6. ಅರ್ಜಿಯನ್ನು ಆ ರಾಜ್ಯದ ಕಚೇರಿ ಭಾಷೆಯಲ್ಲೂ ಬರೆಸಿ, ಸ್ವೀಕೃತಿ ಪಡೆಯಿರಿ. ಗಡಿನಾಡಿನ ಕನ್ನಡಿಗರ ಎಷ್ಟೋ ಅರ್ಜಿಗಳು ಓದುವವರಿಲ್ಲದೆ ಕೆಳಗೆ ಉಳಿಯುತ್ತವೆ. ಕನ್ನಡ ಪ್ರತಿಯ ಜೊತೆ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗು ಪ್ರತಿ ಇದ್ದರೆ ಆ ನೆಪ ಇರುವುದಿಲ್ಲ.

ಪರವಾನಗಿ ಪಡೆದು ವ್ಯಾಪಾರ ಮಾಡುವವರಿಗೂ ಒಂದು ಮಾತು. ಲಾಟರಿಗೆ, ಶುಲ್ಕಕ್ಕೆ ಹೊಲ ಅಡವಿಟ್ಟು ಹಣ ಹಾಕುವ ಮೊದಲು ಅವಧಿ ಎಷ್ಟು, ನವೀಕರಣದ ಭರವಸೆ ಇದೆಯೇ, ಜಾಗದ ಮೇಲೆ ಆಕ್ಷೇಪಣೆ ಬರಬಹುದೇ ಎಂದು ನೋಡಬೇಕು. ಬೇರೆಯವರ ಹೆಸರಿನ ಸನ್ನದನ್ನು ಬಾಡಿಗೆಗೆ ನಡೆಸುವುದು ಹಲವು ಕಡೆ ರೂಢಿಯಲ್ಲಿದ್ದರೂ ಕಾನೂನಿನಲ್ಲಿ ಅದಕ್ಕೆ ರಕ್ಷಣೆ ಇಲ್ಲ. ಕೇರಳದಲ್ಲಿ 2014ರಲ್ಲಿ, ಆಂಧ್ರದಲ್ಲಿ 2019ರಲ್ಲಿ ಒಂದು ನೀತಿ ಬದಲಾದಾಗ ಅಂಗಡಿಗಳು ಹೇಗೆ ಮುಚ್ಚಿದವು ಎಂಬುದನ್ನು ಮೇಲೆ ಕಂಡೆವು.

ನಿಯಮ, ದರ, ಸಮಯ ಇವು ಪ್ರತಿ ಅಬಕಾರಿ ವರ್ಷ ಬದಲಾಗುವುದರಿಂದ, ಅರ್ಜಿ ಹಾಕುವ ಮೊದಲು ಅಥವಾ ಮದ್ಯ ಸಾಗಿಸುವ ಮೊದಲು ತಮ್ಮ ತಾಲೂಕಿನ ಅಬಕಾರಿ ಕಚೇರಿಯಲ್ಲಿ ಆ ವರ್ಷದ ಆದೇಶವನ್ನು ನೋಡಿಕೊಳ್ಳುವುದು ಒಳ್ಳೆಯದು. ಅಂಗಡಿಯ ಗೋಡೆಯ ಮೇಲೆ ಪರವಾನಗಿ ಸಂಖ್ಯೆ ಮತ್ತು ಅವಧಿ ಬರೆದಿರಬೇಕು. ಬರೆದಿಲ್ಲದಿದ್ದರೆ ಮೊದಲ ಪ್ರಶ್ನೆಯನ್ನು ಅಲ್ಲಿಂದಲೇ ಕೇಳಬಹುದು.